ಅಂಟಪ್ಪನವರ ಅರವತ್ತು ದಿನ

ಆರು ವಾರ ಕಾಲ ನಾನು ಮೇಲಿನ ಕಚೇರಿಗೆ ಸುಳ್ಳು ವರದಿ ಕಳಿಸಿದ್ದೇನೆ. ಯಾರಿಗೂ ಮೋಸ ಮಾಡುವ ಉದ್ದೇಶ ಇರಲಿಲ್ಲ. ಬರೀ ಭಾಗಾಕಾರ ಮಾಡಿ ಕಳಿಸಿದೆ, ಅಷ್ಟೆ. ಆ ವರದಿಗಳಿಗೆ ಒಂದು ಪ್ರಶಂಸಾಪತ್ರವೂ ಬಂದಿತ್ತು. ಅದು ಈಗಲೂ ನನ್ನ ಮೇಜಿನ ಕೆಳಗಿನ ಖಾನೆಯಲ್ಲಿದೆ. ತೆಗೆದು ನೋಡಿದಾಗಲೆಲ್ಲ ಕಿವಿ ಬಿಸಿಯಾಗುತ್ತದೆ. ಆದರೆ ನಾನು ಹೇಳಹೊರಟಿರುವುದು ಅಂಟಪ್ಪನವರ ಕತೆ. ಅದನ್ನು ಹೇಳಿದರೆ ನನ್ನ ದಡ್ಡತನವೂ ಜೊತೆಗೇ ಹೊರಗೆ ಬರುತ್ತದೆ, ಏನು ಮಾಡುವುದು.

ಅಂಟಪ್ಪ ಎಂಬುದು ಅಡ್ಡಹೆಸರು. ಅವರು ಪುಸ್ತಕ ಬೈಂಡಿಂಗ್ ಮಾಡುವವರು. ನಲವತ್ತು ವರ್ಷ ಮೈದಾ ಅಂಟಿನಲ್ಲಿ ಕೈ ಅದ್ದಿ ಅದ್ದಿ, ಅವರ ಕೈ ಕುಲುಕಿದವರು ಆಮೇಲೆ ತಮ್ಮ ಕೈ ತೊಳೆಯಲೇಬೇಕು ಎನ್ನುವ ಹಾಗಾಗಿತ್ತು. ಅಂಗಡಿಯ ಬೋರ್ಡಿನ ಮೇಲೂ ಅವರೇ ಅಂಟಪ್ಪ ಎಂದು ಬರೆಸಿಕೊಂಡಿದ್ದರು. ಸಣ್ಣ ಆಳು, ದೊಡ್ಡ ಕನ್ನಡಕ, ಮಾತು ಕಡಿಮೆ. ಜಂಬ ಮಾತ್ರ ಕಡಿಮೆ ಇರಲಿಲ್ಲ. ಅವರ ಜಂಬವೆಲ್ಲ ಒಂದೇ ವಿಷಯಕ್ಕೆ: ಅಂದಾಜು. ಯಾರಾದರೂ ಹರಿದ ಪುಸ್ತಕಗಳ ರಾಶಿ ತಂದು ಮುಂದಿಟ್ಟರೆ ಎಣಿಸುತ್ತಿರಲಿಲ್ಲ. ರಾಶಿಯ ಮೇಲೆ ಅಂಗೈ ಇಟ್ಟು, ಜ್ವರ ನೋಡುವವರ ಹಾಗೆ ಒಂದು ಗಳಿಗೆ ಸುಮ್ಮನಿದ್ದು, "ಹನ್ನೆರಡು ದಿನ" ಎನ್ನುತ್ತಿದ್ದರು. ಹದಿಮೂರನೆಯ ದಿನ ಹೋದರೆ ಪುಸ್ತಕ ಸಿದ್ಧ. ಒಂದು ದಿನ ಹೆಚ್ಚಿಲ್ಲ, ಒಂದು ದಿನ ಕಡಿಮೆಯಿಲ್ಲ.

ಅವರ ಹೆಂಡತಿಯನ್ನು ನಾವೆಲ್ಲ ದಾರದಕ್ಕ ಎಂದು ಕರೆಯುತ್ತೇವೆ. ಬಿಚ್ಚಿದ ಹಾಳೆಗಳ ಕಂತೆಗಳನ್ನು ಒಂದಕ್ಕೊಂದು ಸೇರಿಸಿ ದಾರದಿಂದ ಹೊಲಿಯುವುದು ಆಕೆಯ ಕೆಲಸ. ಅಂಗಡಿಯಲ್ಲಿ ಆಕೆ ಕೂತಿದ್ದನ್ನು ನಾನು ಹೆಚ್ಚಾಗಿ ನೋಡಿದವಳಲ್ಲ. ಮನೆಯಲ್ಲೇ ಹೊಲಿಗೆ, ಅಡುಗೆ, ಉಳಿದದ್ದು. ಬೆಳಿಗ್ಗೆ ಅಂಟಪ್ಪನವರು ಹೊಲಿದ ಕಟ್ಟುಗಳನ್ನು ಸೈಕಲ್ಲಿಗೆ ಹೇರಿಕೊಂಡು ಅಂಗಡಿಗೆ ಬರುತ್ತಿದ್ದರು.

ಇನ್ನು ನಮ್ಮ ಗ್ರಂಥಾಲಯ. ಎರಡೇ ಕೋಣೆ. ಗ್ರಂಥಪಾಲಕಿಯೂ ನಾನೇ, ಗುಮಾಸ್ತೆಯೂ ನಾನೇ, ಬಲ್ಬು ಹೋದರೆ ಸ್ಟೂಲು ಹತ್ತುವವಳೂ ನಾನೇ. ಎರಡು ದಿನ ರಜೆ ಇದ್ದಾಗ ಗೋಡೆಯೊಳಗಿನ ನೀರಿನ ಪೈಪು ಒಡೆದು ಕೆಳಗಿನ ಕಪಾಟುಗಳೆಲ್ಲ ನೆನೆದುಹೋದವು. ಬಾಗಿಲು ತೆಗೆದಾಗ ನನಗೆ ಅಳುವೇ ಬಂತು. ನಾನೂರ ಎಂಬತ್ತು ಪುಸ್ತಕ. ನೆಲದ ಮೇಲೆ ಹರಡಿ ಫ್ಯಾನ್ ಹಾಕಿ ಒಣಗಿಸಿದೆ. ಅಕ್ಷರ ಉಳಿದವು, ಆದರೆ ರಟ್ಟು ಊದಿಕೊಂಡಿತ್ತು, ಹೊಲಿಗೆ ಕಿತ್ತಿತ್ತು, ಎತ್ತಿದರೆ ಪುಸ್ತಕ ಕೈಯಲ್ಲೇ ಬಿಡಿಬಿಡಿಯಾಗುತ್ತಿತ್ತು.

ಮೇಲಿನ ಕಚೇರಿಯಿಂದ ಪತ್ರ ಬಂತು. ಅರವತ್ತು ಕೆಲಸದ ದಿನಗಳ ಗಡುವು. ಅರವತ್ತನೆಯ ದಿನ ಪುಸ್ತಕಗಳು ರಿಪೇರಿಯಾಗಿ ಕಪಾಟಿನಲ್ಲಿ ಇರದಿದ್ದರೆ ಅವು ರದ್ದಿಗೆ. ಅಷ್ಟು ಪುಸ್ತಕ ಹೋದ ಮೇಲೆ ಗ್ರಂಥಾಲಯವೇಕೆ, ಎರಡೂ ಕೋಣೆ ಪಕ್ಕದ ನೋಂದಣಿ ಕಚೇರಿಗೆ. ಆ ಕಚೇರಿಯವರು ನಮ್ಮ ಕೋಣೆಗಳ ಮೇಲೆ ಕಣ್ಣು ಹಾಕಿ ವರ್ಷಗಳೇ ಆಗಿದ್ದವು. ಪತ್ರ ಬಂದ ದಿನವೇ ಅವರ ಹೆಡ್‌ಗುಮಾಸ್ತರು ಬಂದು ನನ್ನ ಕಿಟಕಿಯ ಅಗಲ ಅಳೆದುಕೊಂಡು ಹೋದರು.

ಅಂಟಪ್ಪನವರನ್ನು ಕರೆಸಿದೆ. ಐದು ರಾಶಿಗಳ ಮೇಲೂ ಅಂಗೈ ಇಟ್ಟು ನೋಡಿದರು. "ಐವತ್ತೈದು ದಿನ. ಅರವತ್ತು ಅಂತಾನೇ ಬರ್ಕೊಳ್ಳಿ, ನಿಮಗೂ ಸಮಾಧಾನ" ಎಂದರು.

"ಅಕ್ಕನ ಕೈಗೆ ಆಪರೇಷನ್ ಆಗಿದೆ ಅಂದ್ರಲ್ಲ?" ಎಂದೆ. ಹಿಂದಿನ ವಾರವಷ್ಟೇ ದಾರದಕ್ಕನ ಬಲ ಹೆಬ್ಬೆರಳಿನ ನರ ಬಿಗಿದು, ಕುಯ್ದು ಸರಿಮಾಡಿ, ಮೂರು ತಿಂಗಳು ದಬ್ಬಳ ಮುಟ್ಟಬಾರದು ಎಂದು ಡಾಕ್ಟರು ಹೇಳಿದ್ದರು.

"ಹೊಲಿಗೆ ತಾನೇ? ನಾನೇ ಹಾಕ್ಕೋತೀನಿ ಬಿಡಿ."

ಆ "ತಾನೇ" ಎಂಬುದನ್ನು ನಾನೂ ಒಪ್ಪಿಕೊಂಡೆ. ಹೆಂಗಸಾಗಿ ನನಗಾದರೂ ಹೊಳೆಯಬೇಡವೇ? ಹೊಳೆಯಲಿಲ್ಲ.

ಹಿಂದಿನ ಕೋಣೆಯಲ್ಲೇ ಕೆಲಸ ಶುರುವಾಯಿತು. ಪ್ರತಿ ಶನಿವಾರ ನಾನು ಮೇಲಿನ ಕಚೇರಿಗೆ ಒಂದು ನಮೂನೆ ತುಂಬಿ ಕಳಿಸಬೇಕು. ಅದರಲ್ಲಿ "ಪ್ರಗತಿ, ಶೇಕಡಾ" ಎಂಬ ಒಂದು ಕಲಂ. ಮೊದಲ ಶನಿವಾರ ಪೆನ್ನು ಹಿಡಿದು ತಲೆ ಕೆರೆದುಕೊಂಡೆ. ಅಲ್ಲಿನ ಗುಮಾಸ್ತರಿಗೆ ಫೋನ್ ಮಾಡಿ ಇದನ್ನು ಹೇಗೆ ತುಂಬುವುದು ಎಂದು ಕೇಳಿದೆ.

"ಒಟ್ಟು ದಿನ ಎಷ್ಟು ಮೇಡಂ?"

"ಅರವತ್ತು."

"ಕಳೆದದ್ದು?"

"ಆರು."

"ಹತ್ತು ಅಂತ ಬರೀರಿ. ಇದಕ್ಕೆಲ್ಲ ಫೋನ್ ಮಾಡ್ತಾರಾ?"

ಅಲ್ಲಿಗೆ ನನ್ನ ತಲೆನೋವು ಕಳೆಯಿತು. ವಾರಕ್ಕೆ ಆರು ಕೆಲಸದ ದಿನ, ಶನಿವಾರಕ್ಕೊಂದು ಹತ್ತು. ಹತ್ತು, ಇಪ್ಪತ್ತು, ಮೂವತ್ತು. ಗೋಡೆಯ ಮೇಲೆ ಒಂದು ಚಾರ್ಟು ಅಂಟಿಸಿ ಹಸಿರು ಬಣ್ಣ ತುಂಬಿದೆ. ನೋಡಲು ಬಹಳ ಚೆನ್ನಾಗಿತ್ತು. ನಾಲ್ಕನೆಯ ವಾರ ಪ್ರಶಂಸಾಪತ್ರ ಬಂತು: ನಿಮ್ಮ ಶಾಖೆಯ ಪ್ರಗತಿ ಇತರರಿಗೆ ಮಾದರಿ.

ಹಿಂದಿನ ಕೋಣೆಗೆ ಇಣುಕಿದಾಗ ನನಗೆ ಕಸಿವಿಸಿ ಆಗುತ್ತಿದ್ದುದು ನಿಜ. ಮುಗಿದ ಪುಸ್ತಕ ಒಂದೂ ಕಾಣುತ್ತಿರಲಿಲ್ಲ. ಅಂಟಪ್ಪನವರು ಮೊದಲು ಎಲ್ಲ ಪುಸ್ತಕಗಳನ್ನೂ ಬಿಚ್ಚಿದರು, ಆಮೇಲೆ ಎಲ್ಲದರ ಕೊಳೆ ತೆಗೆದರು, ಹರಿದ ಅಂಚುಗಳಿಗೆ ತೆಳು ಕಾಗದ ಅಂಟಿಸಿದರು. ಒಂದು ದಿನ ತಡೆಯಲಾರದೆ ಕೇಳಿಯೇಬಿಟ್ಟೆ, "ಯಜಮಾನ್ರೆ, ಹತ್ತಿಪ್ಪತ್ತಾದ್ರೂ ಪೂರ್ತಿ ಮುಗಿಸಿ ಕೊಡಬಾರ್ದಾ? ಕಣ್ಣಿಗಾದ್ರೂ ಕಾಣುತ್ತೆ."

"ಅನ್ನ ಮಾಡುವಾಗ ಒಂದೊಂದು ತುತ್ತು ಬೇಯಿಸ್ತಾರೇನಮ್ಮ?" ಎಂದು ಕನ್ನಡಕದ ಮೇಲಿಂದ ನೋಡಿದರು. ನಾನು ಹೊರಗೆ ಬಂದು ಇನ್ನೊಂದು ಚೌಕಕ್ಕೆ ಹಸಿರು ಬಳಿದೆ.

ಏಳನೆಯ ವಾರದ ಸೋಮವಾರ, ಹೇಳದೆ ಕೇಳದೆ, ಪರಿಶೀಲನಾಧಿಕಾರಿ ಬಂದರು. ತೆಳ್ಳನೆಯ ಮನುಷ್ಯ, ನಗದ ಮುಖ, ಕಂಕುಳಲ್ಲಿ ನನ್ನದೇ ವರದಿಗಳ ಫೈಲು. ತಪ್ಪು ಹುಡುಕಲು ಬಂದವರಲ್ಲ ಪಾಪ, ಬೇರೆ ಶಾಖೆಗಳಿಗೆ ತೋರಿಸಲು ಫೋಟೋ ತೆಗೆಯಲು ಬಂದಿದ್ದರು.

"ಶೇಕಡಾ ಅರವತ್ತು ಅಂದ್ರೆ ಇನ್ನೂರ ಎಂಬತ್ತೆಂಟು ಪುಸ್ತಕ. ಎಲ್ಲಿವೆ, ತೋರಿಸಿ" ಎಂದರು.

ಹಿಂದಿನ ಕೋಣೆಗೆ ಕರೆದುಕೊಂಡು ಹೋದೆ. ನೆಲದಿಂದ ಎದೆಯೆತ್ತರದವರೆಗೆ ಬಿಡಿ ಹಾಳೆಗಳ ಕಂತೆಗಳು, ಮಧ್ಯೆ ಅಂಟಿನ ಬೋಗುಣಿ ಇಟ್ಟುಕೊಂಡು ಅಂಟಪ್ಪನವರು.

"ಎಷ್ಟು ಪುಸ್ತಕ ಮುಗಿದಿದೆ?" ಎಂದು ಅಧಿಕಾರಿ ಕೇಳಿದರು.

"ಒಂದೂ ಇಲ್ಲ" ಎಂದರು ಅಂಟಪ್ಪನವರು, ಯಾವ ನಾಚಿಕೆಯೂ ಇಲ್ಲದೆ. "ಒಂಬತ್ತಕ್ಕೆ ಹೊಲಿಗೆ ಬಿದ್ದಿದೆ."

ಅಧಿಕಾರಿ ನನ್ನ ಕಡೆ ತಿರುಗಿದರು. ನನ್ನ ಮುಖ ಹುಳ್ಳಗಾಯಿತು. ಭಾಗಾಕಾರದ ವಿಷಯ ಒಪ್ಪಿಕೊಂಡೆ. ಅವರು ಕೂಗಾಡಿದ್ದರೆ ವಾಸಿ ಇತ್ತು. ಕೂಗಾಡಲಿಲ್ಲ. ಫೈಲು ಮುಚ್ಚಿ, "ಕ್ಯಾಲೆಂಡರ್ ನಮ್ಮ ಆಫೀಸಲ್ಲೂ ಇದೆ ಮೇಡಂ. ದಿನ ಕಳೆದದ್ದು ನಮಗೇ ಗೊತ್ತಾಗುತ್ತೆ. ಕೆಲಸ ಎಷ್ಟಾಗಿದೆ, ಎಷ್ಟು ಉಳಿದಿದೆ ಅಂತ ಹೇಳಿ. ಅರವತ್ತನೇ ದಿನ ಬರ್ತೀನಿ. ಕಪಾಟಲ್ಲಿ ಇರಲಿಲ್ಲ ಅಂದ್ರೆ ರದ್ದಿ ಲಾರಿ ಜೊತೆಗೇ ಬರುತ್ತೆ" ಎಂದು ಹೋದರು. ಫೋಟೋ ತೆಗೆಯಲಿಲ್ಲ.

ಅವರು ಹೋದ ಮೇಲೆ ನಾವಿಬ್ಬರೂ ಕೂತೆವು. ನಾನು ಗಡಿಯಾರ ಮುಂದಿಟ್ಟುಕೊಂಡೆ. ಒಂದು ಪುಸ್ತಕ ಬಿಚ್ಚಲು ಎಷ್ಟು ಹೊತ್ತು? ಹತ್ತು ನಿಮಿಷ. ಕೊಳೆ ತೆಗೆದು ಅಂಚು ಸರಿಮಾಡಲು? ಇಪ್ಪತ್ತು. ರಟ್ಟು ಕೂರಿಸಿ ಅದರ ಮೇಲೆ ಬಟ್ಟೆ ಅಂಟಿಸಲು? ಅದೂ ಇಪ್ಪತ್ತು. ಪಟಪಟನೆ ಹೇಳಿದರು.

"ಹೊಲಿಯೋಕೆ?"

ಅಂಟಪ್ಪನವರು ಕೈಯ ಅಂಟು ಕೆರೆದುಕೊಂಡರು. "ಗೊತ್ತಿಲ್ಲ" ಎಂದರು.

"ಗೊತ್ತಿಲ್ಲ ಅಂದ್ರೆ? ಒಂಬತ್ತು ಹೊಲಿದಿದೀರಲ್ಲ?"

"ಗಡಿಯಾರ ನೋಡ್ಲಿಲ್ಲ. ಯಾಕೋ ಕೈ ಸಾಗ್ತಿರ್ಲಿಲ್ಲ. ವಯಸ್ಸಾಯ್ತು ಅಂದ್ಕೊಂಡೆ."

ನನ್ನ ಕಣ್ಣೆದುರೇ ಒಂದು ಪುಸ್ತಕ ಹೊಲಿದರು. ದಾರ ಎರಡು ಸಲ ತುಂಡಾಯಿತು, ಒಂದು ಸಲ ಬೆರಳಿಗೆ ಚುಚ್ಚಿಕೊಂಡರು. ಒಂದು ಗಂಟೆ ಹತ್ತು ನಿಮಿಷ. ನಾನು ಕಾಗದದ ಮೇಲೆ ಲೆಕ್ಕ ಹಾಕಿದೆ. ಆಗಿರುವ ಕೆಲಸ ಶೇಕಡಾ ಇಪ್ಪತ್ತೈದು. ಉಳಿದದ್ದು ಏಳುನೂರು ಗಂಟೆಗಳ ಕೆಲಸ. ನಮ್ಮ ಬಳಿ ಇದ್ದದ್ದು ಇಪ್ಪತ್ತನಾಲ್ಕು ದಿನ, ದಿನಕ್ಕೆ ಎಂಟು ಗಂಟೆ ಎಂದರೂ ಇನ್ನೂರು ಗಂಟೆಯೂ ಇಲ್ಲ.

"ನನ್ನ ಅಂದಾಜು ತಪ್ಪೋದಿಲ್ಲ" ಎಂದರು ಅಂಟಪ್ಪನವರು. ಅವರ ದನಿ ಕೇಳಿ ನನಗೆ ಅಯ್ಯೋ ಅನಿಸಿತು. "ನಲವತ್ತು ವರ್ಷದಲ್ಲಿ ಒಂದು ದಿನ ತಪ್ಪಿಲ್ಲ."

ನಾನು ಕಾಗದವನ್ನು ಮತ್ತೆ ನೋಡಿದೆ. ಹೊಲಿಗೆಯನ್ನು ಬಿಟ್ಟು ಉಳಿದದ್ದನ್ನೆಲ್ಲ ಕೂಡಿಸಿದೆ. ಪುಸ್ತಕಕ್ಕೆ ಐವತ್ತು ನಿಮಿಷ, ನಾನೂರ ಎಂಬತ್ತು ಪುಸ್ತಕ, ನಾನೂರು ಗಂಟೆ. ಸರಿಯಾಗಿ ಐವತ್ತು ದಿನ. ಮೇಲೆ ಐದು ದಿನ ಒಣಗಿಸಲು.

"ತಪ್ಪಿಲ್ಲ ಯಜಮಾನ್ರೆ" ಎಂದೆ. "ನಿಮ್ಮ ಕೆಲಸಕ್ಕೆ ಐವತ್ತೈದು ದಿನವೇ. ಅಕ್ಕನ ಕೆಲಸ ಇದರಲ್ಲಿ ಬಂದೇ ಇಲ್ಲ."

ಅವರು ಕನ್ನಡಕ ತೆಗೆದರು. ಅಂಟಿನ ಕೈಯಲ್ಲೇ ತೆಗೆದರು, ಗಾಜಿಗೆಲ್ಲ ಅಂಟಾಯಿತು. ಬಹಳ ಹೊತ್ತು ಒರೆಸುತ್ತಲೇ ಇದ್ದರು. "ಬೆಳಿಗ್ಗೆ ಎದ್ರೆ ಹೊಲಿದ ಕಟ್ಟು ಮೇಜಿನ ಮೇಲೆ ಇರ್ತಿತ್ತು" ಎಂದರು. "ಇರ್ತಿತ್ತು ಅಷ್ಟೆ. ನಾನು ತಗೊಂಡು ಬರ್ತಿದ್ದೆ."

ಆ ಸಂಜೆ ಇಬ್ಬರೂ ಅವರ ಮನೆಗೆ ಹೋದೆವು. ದಾರದಕ್ಕ ಬಲಗೈಗೆ ಪಟ್ಟಿ ಸುತ್ತಿಕೊಂಡು, ಎಡಗೈಯಲ್ಲಿ ಚಹಾ ಸೋಸುತ್ತಾ ಎಲ್ಲ ಕೇಳಿಸಿಕೊಂಡರು. ಹೇಳಿದ್ದು ನಾನೇ. ನಾನು ಸಮಾಧಾನದ ಮಾತು ನಿರೀಕ್ಷಿಸಿದ್ದೆ. ಆಕೆ ಸೋಸಣಿಗೆಯನ್ನು ಪಾತ್ರೆಯ ಅಂಚಿಗೆ ಠಣ್ಣನೆ ಬಡಿದರು.

"ಊರೆಲ್ಲ ಹೇಳ್ಕೊಂಡು ತಿರುಗಿದ್ದೇ ತಿರುಗಿದ್ದು, ನನ್ನ ಕೈ ಇಟ್ರೆ ದಿನ ತಪ್ಪಲ್ಲ, ನನ್ನ ಕೈ ಇಟ್ರೆ ದಿನ ತಪ್ಪಲ್ಲ ಅಂತ. ರೀ, ಆ ಕೈ ಕೆಳಗೆ ನನ್ನ ಕೈ ಇತ್ತು."

"ತಪ್ಪಾಯ್ತು ಕಣೆ."

"ತಪ್ಪಾಗಿದ್ದು ಆಮೇಲೆ ನೋಡೋಣ. ನಾಳೆ ನಾನು ಬರ್ತೀನಿ."

"ಡಾಕ್ಟ್ರು ದಬ್ಬಳ ಮುಟ್ಟಬೇಡ ಅಂದಿದಾರೆ."

"ದಬ್ಬಳ ಮುಟ್ಟಬೇಡ ಅಂದಿದಾರೆ, ಬಾಯಿ ಹೊಲ್ಕೊಂಡು ಕೂತಿರು ಅಂದಿಲ್ಲ" ಎಂದು ಆಕೆ ನನ್ನ ಕಡೆ ತಿರುಗಿದರು. "ನಿಮ್ಮಲ್ಲಿ ಓದೋಕೆ ಬರ್ತಾರಲ್ಲ, ಕೈ ಇರೋರು ಯಾರ್ಯಾರಿದಾರೆ?"

ಕೈ ಇರುವವರು ಬಹಳ ಜನ ಇದ್ದರು. ನಾನೇ ಕೇಳಿರಲಿಲ್ಲ. ನಿವೃತ್ತ ಬಸ್ ಡ್ರೈವರ್ ಒಬ್ಬರು, ಎಂಟು ವರ್ಷದಿಂದ ಬಾಗಿಲು ತೆಗೆಯುವ ಮುಂಚೆ ಬಂದು ನಿಲ್ಲುವವರು, ಮೊದಲು ಬಂದರು. ಎದುರು ಸಾಲಿನ ಟೈಲರ್ ಮಧ್ಯಾಹ್ನ ಅಂಗಡಿ ಮುಚ್ಚುವ ಹೊತ್ತಿಗೆ ಬಂದ. ಆಸ್ಪತ್ರೆಯ ನರ್ಸ್ ಇಬ್ಬರು ಪಾಳಿ ಮುಗಿಸಿ ಬಂದರು. ವಾರ ಕಳೆಯುವಷ್ಟರಲ್ಲಿ ಹತ್ತು ಜನ ಆದರು, ದಿನಕ್ಕೆ ಎರಡು ಗಂಟೆಯೋ ಮೂರು ಗಂಟೆಯೋ. ದಾರದಕ್ಕ ನಡುವೆ ಒಂದು ಕುರ್ಚಿ ಹಾಕಿಸಿಕೊಂಡು ಕೂತರು. ಎಡಗೈಯ ಬೆರಳು ತೋರಿಸುವುದು, ಬಾಯಿಯಲ್ಲಿ ಬೈಯುವುದು, ಎರಡೇ ಕೆಲಸ.

"ಎಳೀಬೇಡಪ್ಪಾ, ಅದು ಬ್ರೇಕಲ್ಲ!" ಎಂದು ಡ್ರೈವರಿಗೆ. "ನೀನು ಪ್ಯಾಂಟ್ ಹೊಲೀತಿಲ್ಲ, ಬಿಗಿ ಸಾಕು" ಎಂದು ಟೈಲರಿಗೆ. ನರ್ಸ್‌ಗಳ ಹೊಲಿಗೆ ಮಾತ್ರ ಮೊದಲ ದಿನದಿಂದಲೇ ಚೆನ್ನಾಗಿತ್ತು. "ನೀವು ಮೈ ಹೊಲಿಯೋರು, ನಿಮಗೇನು ಹೇಳೋದು" ಎಂದು ಆಕೆ ನಕ್ಕರು. ಇದೇ ಕೆಲಸಕ್ಕೆ ಆಕೆಗೆ ಎಷ್ಟು ಹೊತ್ತು ಬೇಕಾಗುತ್ತಿತ್ತು ಎಂದು ಡ್ರೈವರ್ ಕೇಳಿದಾಗ, "ಇಪ್ಪತ್ತೈದು ನಿಮಿಷ" ಎಂದರು. ರಟ್ಟು ಕತ್ತರಿಸುತ್ತಿದ್ದ ಅಂಟಪ್ಪನವರು ಕತ್ತರಿ ನಿಲ್ಲಿಸಿ ತಲೆಯೆತ್ತಿ ನೋಡಿದರು. ಅವರೂ ಅದನ್ನು ಕೇಳಿದ್ದು ಅದೇ ಮೊದಲು.

ನನ್ನ ಹಸಿರು ಚಾರ್ಟನ್ನು ಆಕೆ ಕಿತ್ತುಹಾಕಿಸಿದರು. ಹೊಸದರಲ್ಲಿ ನಾನೂರ ಎಂಬತ್ತು ಚೌಕ. ಒಂದು ಪುಸ್ತಕಕ್ಕೆ ಹೊಲಿಗೆ ಬಿದ್ದರೆ ಅರ್ಧ ಚೌಕ, ಬಟ್ಟೆ ಬಿದ್ದು ಒಣಗಿದರೆ ಪೂರ್ತಿ. ಯಾರು ಮಾಡಿದರೋ ಅವರೇ ತುಂಬಬೇಕು. ಮೊದಮೊದಲು ದಿನಕ್ಕೆ ಎಂಟು ಹತ್ತು ಅರ್ಧ ಚೌಕಗಳಾದವು, ಅಷ್ಟೆ. ಎರಡನೆಯ ವಾರ ದಿನಕ್ಕೆ ಇಪ್ಪತ್ತಾಯಿತು, ಆಮೇಲೆ ಮೂವತ್ತು. ನಾನೂ ಹೊಲಿಯಲು ಕಲಿತೆ. ನನ್ನ ಹನ್ನೊಂದು ಪುಸ್ತಕ ಯಾವುವು ಎಂದು ಕೇಳಿದರೆ ಇವತ್ತೂ ಕಣ್ಣುಮುಚ್ಚಿ ತೋರಿಸುತ್ತೇನೆ.

ಅಧಿಕಾರಿ ಬಂದುಹೋದ ವಾರದ ಶನಿವಾರವೇ ನಿಜವಾದ ವರದಿ ಕಳಿಸಿದ್ದೆ: ಶೇಕಡಾ ಮೂವತ್ತನಾಲ್ಕು. ಸೋಮವಾರ ಬೆಳಿಗ್ಗೆಯೇ ಗುಮಾಸ್ತರ ಫೋನ್.

"ಹೋದ ವಾರ ಅರವತ್ತು, ಈ ವಾರ ಮೂವತ್ತನಾಲ್ಕಾ? ಪ್ರಗತಿ ಹಿಂದಕ್ಕೆ ಹೋಗೋಕೆ ಆಗಲ್ಲ ಮೇಡಂ, ಕಂಪ್ಯೂಟರ್ ತಗೊಳ್ತಿಲ್ಲ."

"ತಗೊಳ್ಳದಿದ್ರೆ ಕೈಯಲ್ಲೇ ಬರ್ಕೊಳ್ಳಿ" ಎಂದು ಇಟ್ಟೆ. ಮೇಲಿನ ಕಚೇರಿಯವರ ಜೊತೆ ನಾನು ಹಾಗೆ ಮಾತಾಡಿದ್ದು ಜೀವನದಲ್ಲಿ ಅದೊಂದೇ ಸಲ. ಎಷ್ಟು ಖುಷಿಯಾಯಿತು ಅಂತೀರಿ.

ಅರವತ್ತನೆಯ ದಿನ ಬಂದೇಬಿಟ್ಟಿತು. ಬೀದಿಯಲ್ಲಿ ಲಾರಿ ನಿಂತದ್ದು ಮೊದಲು ಕೇಳಿಸಿತು, ಆಮೇಲೆ ಅಧಿಕಾರಿಯ ಹೆಜ್ಜೆ. ಹೊಲಿಗೆಯೆಲ್ಲ ಮುಗಿದಿತ್ತು. ಕಪಾಟಿನಲ್ಲಿ ಮುನ್ನೂರ ತೊಂಬತ್ತೊಂದು ಪುಸ್ತಕ ನಿಂತಿದ್ದವು. ಉಳಿದ ಎಂಬತ್ತೊಂಬತ್ತು ಹಿಂದಿನ ಕೋಣೆಯಲ್ಲಿ, ಹಲಗೆಗಳ ನಡುವೆ, ಕಲ್ಲಿನ ಭಾರದ ಕೆಳಗೆ. ಹಿಂದಿನ ಸಂಜೆಯಷ್ಟೇ ಎಲ್ಲರೂ ಸೇರಿ ಬಟ್ಟೆ ಹಾಕಿ ಮುಗಿಸಿದ್ದು, ಅಂಟು ಹಸಿಯಾಗಿತ್ತು. ಹೊಲಿದವರೆಲ್ಲ ಬಂದು ಗೋಡೆಗೆ ಒರಗಿ ನಿಂತಿದ್ದರು.

ಅಧಿಕಾರಿ ಒಂದೊಂದನ್ನೂ ಎಣಿಸಿದರು. ಹತ್ತಿಪ್ಪತ್ತನ್ನು ತೆಗೆದು, ಬಿಡಿಸಿ, ಬೆನ್ನು ಒತ್ತಿ ನೋಡಿದರು. ಆಮೇಲೆ ನನ್ನ ಮೇಜಿಗೆ ಬಂದು, "ಎಷ್ಟು ಕಡಿಮೆ?" ಎಂದರು.

"ಎಂಬತ್ತೊಂಬತ್ತು. ಕೆಲಸ ಉಳಿದಿಲ್ಲ ಸರ್, ಒಣಗಬೇಕು ಅಷ್ಟೆ. ಎರಡು ದಿನ."

"ಇನ್ನೂ ನಾಲ್ಕು ಜನ ಹಾಕ್ಕೊಂಡ್ರೆ?"

ಉತ್ತರ ಕೊಟ್ಟವರು ಅಂಟಪ್ಪನವರು. "ನಾಲ್ಕು ಜನ ಅಲ್ಲ, ನಾನೂರು ಜನ ಬಂದು ಸುತ್ತ ನಿಂತ್ರೂ ಅಂಟು ಅದರ ಹೊತ್ತಿಗೇ ಒಣಗೋದು ಸ್ವಾಮಿ. ಹೊಲಿಗೆ ಜನರ ಮೇಲೆ ಹೋಗುತ್ತೆ. ಇದು ಮಾತ್ರ ದಿನದ ಮೇಲೆ."

ಅಧಿಕಾರಿ ಗೋಡೆಯ ಮೇಲಿನ ಚೌಕಗಳನ್ನು ನೋಡಿದರು. ಅರ್ಧ ತುಂಬಿದವುಗಳನ್ನು ಬೆರಳಿಟ್ಟು ಎಣಿಸಿದರು. ಎಂಬತ್ತೊಂಬತ್ತೇ ಇದ್ದವು. "ಅರವತ್ತು ಅಂತ ಬರೆದಾಗ ಇಲ್ಲಿ ಏನೂ ಇರ್ಲಿಲ್ಲ" ಎಂದರು. "ಈಗ ಎಂಬತ್ತೊಂಬತ್ತು ಕಡಿಮೆ ಅಂತ ನೀವೇ ಹೇಳ್ತಿದೀರಿ, ಎಂಬತ್ತೊಂಬತ್ತೇ ಕಡಿಮೆ ಇದೆ. ಎರಡು ದಿನ ಅಂದ್ರೆ ಎರಡೇ ದಿನ ಇರುತ್ತೆ." ಕಿಟಕಿಗೆ ಹೋಗಿ, ಲಾರಿಯವನಿಗೆ ಹೋಗು ಎಂದು ಕೈ ಮಾಡಿದರು. ನನಗೆ ಕಣ್ಣು ತುಂಬಿ ಬಂತು. ನಮ್ಮ ಬಸ್ ಡ್ರೈವರ್ ಮಾತ್ರ ಆ ಲಾರಿ ಹಿಂದಕ್ಕೆ ತಿರುಗುವುದನ್ನು ನೋಡಿ, ಗೇರ್ ಹಾಕಲು ಬರುವುದಿಲ್ಲ ಅವನಿಗೆ, ಎಂದು ಗೊಣಗಿದರು.

ಎರಡು ದಿನದ ನಂತರ ಕೊನೆಯ ಪುಸ್ತಕವನ್ನು ಕಪಾಟಿಗೆ ಇಟ್ಟೆವು. ಎಲ್ಲರೂ ಹೋದ ಮೇಲೆ ಅಂಟಪ್ಪನವರು ಬೋಗುಣಿ ತೊಳೆಯುತ್ತಾ, ತಲೆಯೆತ್ತದೆ, ಹೆಂಡತಿಯನ್ನು ಕೇಳಿದರು, "ಇಷ್ಟು ವರ್ಷ ನೀನು ಮಲಗ್ತಿದ್ದಿದ್ದು ಯಾವಾಗ?"

"ನಾಲ್ಕೂವರೆವರೆಗೂ ಮಲಗ್ತಿದ್ದೆ. ಆಮೇಲೆ ಎದ್ದು ಒಳಕೋಣೆಯಲ್ಲಿ ಕೂತ್ಕೊಂಡ್ರೆ, ನೀವು ಏಳೋ ಹೊತ್ತಿಗೆ ಐದಾರು ಪುಸ್ತಕ ಆಗ್ತಿತ್ತು" ಎಂದರು ದಾರದಕ್ಕ. "ಈಗ್ಲೂ ಎದ್ದುಬಿಡ್ತೀನಿ. ಕೈಗೆ ಪಟ್ಟಿ ಇದ್ರೂ ಎದ್ದು ಸುಮ್ನೆ ಕೂತಿರ್ತೀನಿ."

"ನಾಳೆ ಏಳಬೇಡ."

"ಎಚ್ಚರ ಆಗುತ್ತಲ್ಲ ರೀ."

"ಆದ್ರೂ ಏಳಬೇಡ. ಹೊಲಿಗೆ ಇನ್ಮೇಲೆ ಹಗಲು. ಇಬ್ಬರೂ ಕೂತು. ಎಷ್ಟು ದಿನ ಆಗುತ್ತೋ ಅಷ್ಟು ದಿನ ಹೇಳೋಣ."

ಮಾರನೆಯ ದಿನ ದಾರದಕ್ಕ ಗ್ರಂಥಾಲಯಕ್ಕೆ ಬಂದಾಗ ಹತ್ತು ಗಂಟೆ ದಾಟಿತ್ತು. ಮುಖ ಊದಿಕೊಂಡಿತ್ತು, ಬಹಳ ಹೊತ್ತು ನಿದ್ದೆ ಮಾಡಿದವರ ಮುಖ. ನನ್ನ ಮೇಜಿನ ಮುಂದಿನ ಕುರ್ಚಿಯಲ್ಲಿ ಕೂತು, ಯಾರಿಗೂ ಹೇಳಬಾರದ ಗುಟ್ಟು ಹೇಳುವವರ ಹಾಗೆ ನನ್ನ ಕಡೆ ಬಾಗಿದರು.

"ಏಳು ಗಂಟೆಗೆ ಎದ್ದೆ ಕಣಮ್ಮ. ಬಿಸಿಲು ಹಾಸಿಗೆ ಮೇಲೆ ಬಿದ್ದಿತ್ತು. ಆ ಕಿಟಕಿಯಿಂದ ಬಿಸಿಲು ಬರುತ್ತೆ ಅಂತ ನಂಗೆ ಇಷ್ಟು ವರ್ಷ ಗೊತ್ತೇ ಇರ್ಲಿಲ್ಲ."